ಕಿರಿಯನ ಪಾಲಿನ ಸೀಸೆ

ಸಾಂಬ್ರಾಣಿ,
೧೬ ಜೂನ್ ೧೯೮೫, ಭಾನುವಾರ

ಪ್ರೀತಿಯ ತಮ್ಮ ಪೆದ್ರುಗೆ ಅಣ್ಣ ಸಂತಾನನ ಆಶೀರ್ವಾದ.

ಮೈಯಲ್ಲಿ ಹುಷಾರಾಗಿದ್ದೀಯಾ? ಹಡಗಿನ ಅಡುಗೆಮನೆಯ ಸೆಕೆಗೆ ನಿನ್ನ ಬೆನ್ನ ಮೇಲೆ ಎದ್ದಿದ್ದ ಬೊಕ್ಕೆಗಳು ಮಾಯ್ದವೆಂದು, ರಜೆಗೆ ಬಂದಿರುವ ನಿನ್ನ ಜೊತೆಗಾರ ರೊಜಾರಿಯೊ ಹೇಳಿದ. ಇಲ್ಲಿ ಮಾರ್ಥಾ, ಮಕ್ಕಳು ಆರಾಮ. ಊರ ಹಳೆಯ ಮನೆಯಲ್ಲೇ ಇರುವ ಅವ್ವನ ಮೊಣಕಾಲು ಮಳೆ ಹಿಡಿದ ಮೇಲೆ ಮತ್ತೆ ಬಾತಿದೆ. ಬಾಯಿ ಮಾತ್ರ ಗಟ್ಟಿ.

ನೀನು ಅವನ ಕೈಯಲ್ಲಿ ಕಳಿಸಿದ ಅರ್ಜೆಂಟೀನಾದ ವೈನಿನ ಸೀಸೆ ಒಡೆಯದೆ ಬಂತು. ಬಂದರಿನ ಹಮಾಲರೂ ಊಟಕ್ಕೆ ಇದನ್ನೇ ಕುಡಿಯುತ್ತಾರೆ, ಅಗ್ಗವಾದರೂ ರುಚಿಯಲ್ಲಿ ಮೋಸವಿಲ್ಲ ಎಂದು ಬರೆದಿದ್ದೀ. ನಾನು ಶಾಲೆಯ ಅಟ್ಲಾಸು ತೆಗೆದು, ಸೀಸೆಯ ಮೇಲೆ ಬರೆದಿದ್ದ ಮೆಂಡೋಜಾ ಎಲ್ಲಿದೆ ಎಂದು ನೋಡಿದೆ. ಹಿಮದ ಬೆಟ್ಟಗಳ ಮಗ್ಗುಲಲ್ಲಿ, ನಮ್ಮ ಘಟ್ಟಕ್ಕಿಂತ ಎತ್ತರದಲ್ಲಿ ಆ ದ್ರಾಕ್ಷಿ ಬೆಳೆಯುತ್ತದಂತೆ. ಮಳೆ ಇಲ್ಲದ ನೆಲ. ಕರಗಿದ ಹಿಮದ ನೀರನ್ನು ಕಾಲುವೆಯಲ್ಲಿ ತಂದು ಸರದಿಯ ಮೇಲೆ ಹಂಚಿಕೊಳ್ಳುತ್ತಾರಂತೆ. ಅಲ್ಲಿ ಜನ ನೀರಿಗಾಗಿ ಸರದಿ ನಿಲ್ಲುತ್ತಾರೆ. ಇಲ್ಲಿ ಅಣೆಕಟ್ಟಿನ ನೀರು ನಮ್ಮ ಊರುಗಳನ್ನು ಸರದಿಯಲ್ಲಿ ನಿಲ್ಲಿಸಿದೆ. ಮಾಲ್ಬೆಕ್ ಎಂಬ ದ್ರಾಕ್ಷಿಗೆ ಇನ್ನೊಂದು ಜಾತಿಯದನ್ನು ಬೆರೆಸಿದ್ದಾರೆ ಎಂದು ಅವ್ವನಿಗೆ ಹೇಳಿದೆ. ಒಬ್ಬ ತಂಗಿಯನ್ನು ಮಸೀದಿಗೆ ಹೋಗುವವರಿಗೂ ಒಬ್ಬಳನ್ನು ಗುಡಿಗೆ ಹೋಗುವವರಿಗೂ ಮದುವೆ ಮಾಡಿಕೊಟ್ಟು ತಾನು ಇಗರ್ಜಿಯವರ ಮನೆಗೆ ಬಂದವಳು, ನಕ್ಕು "ಹಂಗಾರ ನಮ್ಮ ಮನೀದ ಐತಿ ಬಿಡು" ಎಂದಳು.

ಆ ನಗುವಿನ ನಂತರದ್ದೇ ಬರೆಯಲು ಕಷ್ಟ. ಸೂಪಾ ಅಣೆಕಟ್ಟಿನ ನೀರು ನಮ್ಮೂರ ಕೆಳಗಿನ ಗದ್ದೆ ದಾಟಿದೆ. ಗಂಗೂ ಚಿಕ್ಕಮ್ಮನ ಮನೆಯವರೂ ಹೆಂಚು ಇಳಿಸಿ ಹೊಸ ಜಾಗಕ್ಕೆ ಹೋದರು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಸರಪಳಿ ಹಿಡಿದು ಅಳೆಯಲು ಬಂದವರು ನಮ್ಮ ಅಂಗಳದಲ್ಲಿ ಕೂತು ಅವ್ವನ ಮಜ್ಜಿಗೆ ಕುಡಿದಿದ್ದರು. "ನಿಮ್ಮ ಮನೀಗೇನೂ ಆಗಂಗಿಲ್ರಿ ಬಾಯಿ, ಲೈಟ್ ಬರ್ತಾವ" ಎಂದಿದ್ದರು. ಯಾರು ಮರೆತರೂ ನಾನು ಮರೆತಿಲ್ಲ. ಆ ಲೈಟು ಇನ್ನು ಎಲ್ಲೆಲ್ಲಿಗೋ ಹೋಗುತ್ತದೆ. ನಮ್ಮ ಮನೆ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಮುಳುಗುತ್ತದೆ. ಪತ್ರಿಕೆಗೆ ಬರೆದೆ. ಅರ್ಧ ಕತ್ತರಿಸಿ, ಸಿಟ್ಟು ಇದ್ದ ಸಾಲುಗಳನ್ನೇ ಬಿಟ್ಟು ಅಚ್ಚು ಹಾಕಿದರು. ಓದಿದ ಅಧಿಕಾರಿ "ಮಾಸ್ತರ್, ಕನ್ನಡ ಛಲೋ ಬರೀತೀರಿ" ಎಂದ. ಅಷ್ಟೇ.

ಮನೆ ಬಿಡುವ ಮುನ್ನ ನಮ್ಮ ಪದ್ಧತಿ ನಿನಗೆ ಗೊತ್ತಲ್ಲ. ಒಳಗಿನ ಮೂಲೆಯಲ್ಲಿರುವ, ತೀರಿಹೋದ ಹಿರಿಯರಿಗೆ ಗಂಡುಮಕ್ಕಳೆಲ್ಲ ತಮ್ಮ ತಮ್ಮ ಕೈಯಿಂದ ಒಂದಿಷ್ಟು ಸೆರೆ ಸುರಿದು, ನಮ್ಮ ಸಂಗಡ ಬನ್ನಿ ಎಂದು ಕರೆಯಬೇಕು. ಕಿರಿಯನದು ಕೊನೆ. ನಾನು ಈಸ್ಟರ್ ಕಳೆದ ಕೂಡಲೇ ಫೆನ್ನಿ ಸುರಿದು ಬಂದೆ. ನೀನು ಕಡಲ ಮೇಲಿರುವೆ, ದೂರ ಇದ್ದವನ ಪಾಲನ್ನು ಅಣ್ಣನೇ ಸುರಿದರೆ ನಡೆಯುತ್ತದೆ, ಹೊರಡುವ ದಿನ ಸುರಿಯೋಣ ಎಂದಿದ್ದೆ. ಅಷ್ಟರಲ್ಲಿ ಸೀಸೆ ಬಂತು, ಜೊತೆಗೆ 'ಹಿರಿಯರಿಗೆ ನನ್ನ ಪಾಲು' ಎಂಬ ನಿನ್ನ ಚೀಟಿ. ಹದಿನಾರಕ್ಕೇ ಮನೆ ಬಿಟ್ಟವನು, ಅದರ ಅರ್ಥ ಮರೆತಿರಬೇಕು. ಬಿರಡೆ ತೆಗೆಯಲು ಹೋದರೆ ಅವ್ವ ನನ್ನ ಕೈ ಹಿಡಿದಳು. "ಅದು ಪೆದ್ರುನ ಕೈ, ಸಂತಾನ. ಮುಟ್ಟಬ್ಯಾಡ. ಪಾಲು ಮುಂದ ಬಂದರ ಮನಷ್ಯಾ ಹಿಂದ ಬರ್ತಾನ." ನೀನು ಏನನ್ನೂ ಕಳಿಸದಿದ್ದರೆ ಅವ್ವ ಇವತ್ತು ನನ್ನ ಮನೆಯಲ್ಲಿ ಒಲೆಯ ಮುಂದೆ ಕೂತಿರುತ್ತಿದ್ದಳು. ನಿನ್ನನ್ನು ಬೈಯುತ್ತಿಲ್ಲ, ತಮ್ಮಾ. ಪ್ರೀತಿಯಿಂದ ಕಳಿಸಿದ್ದೀ. ಆ ಪ್ರೀತಿಯನ್ನೇ ಮುಂದಿಟ್ಟುಕೊಂಡು, ನೀನು ಬಂದು ಸುರಿಯುವೆಯೆಂದು ಅವಳು ಆ ಮನೆಯಲ್ಲೇ ಬಾಗಿಲ ಕಡೆ ನೋಡುತ್ತ ಕೂತಿದ್ದಾಳೆ. ಎತ್ತಿಕೊಂಡು ಹೋಗೋಣ ಎಂದ ರೊಜಾರಿಯೊನಿಗೆ "ಹೆಣಾ ಎತ್ತಾಕ ಅವಸರೇನು, ನಾ ಇನ್ನ ಜೀವ ಅದೇನಿ" ಎಂದಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರೂ ನಮ್ಮ ಹಿರಿಯರೂ ನಿನ್ನನ್ನು ಆ ದೊಡ್ಡ ನೀರಿನ ಮೇಲೆ ಕಾಯಲಿ.

ನಿನ್ನ ಅಣ್ಣ,
ಸಂತಾನ

ತಾ.ಕ.: ರೊಜಾರಿಯೊ ಈ ಪತ್ರ ಹಿಡಿದು ಹೊರಡಲು ಬಾಗಿಲಲ್ಲಿ ನಿಂತಿದ್ದಾನೆ. ಗಂಗೂ ಚಿಕ್ಕಮ್ಮನನ್ನು ಕೇಳಿದೆ. ಪಾಲು ಬಂದ ಮೇಲೆ, ಬರಲಾರೆ ಎಂದು ಕಿರಿಯನೇ ಹೇಳಿ ಅದನ್ನು ಬಿಟ್ಟುಕೊಟ್ಟರೆ ಮಾತ್ರ ಅಣ್ಣ ಬಿರಡೆ ತೆಗೆಯಬಹುದಂತೆ. ಕ್ರಿಸ್ಮಸ್‌ವರೆಗೆ ಹಡಗು ನಿನ್ನನ್ನು ಬಿಡುವುದಿಲ್ಲವೆಂದು ನನಗೆ ಗೊತ್ತು. ನೀರು ಅಲ್ಲಿಯವರೆಗೆ ಕಾಯುವುದಿಲ್ಲ. ಆದ್ದರಿಂದ ಇದು ಕೈಗೆ ಬಂದ ಕೂಡಲೇ ತಂತಿ ಕಳಿಸು: 'ನಾನು ಬರುವುದಿಲ್ಲ, ಅಣ್ಣ ತೆಗೆಯಲಿ.' ಬೇರೇನೂ ಸೇರಿಸಬೇಡ. ಅವ್ವನ ಎದುರು ಅದನ್ನು ನಾನೇ ಓದಬೇಕು.