ಚೀರುತ್ತಿದ್ದವಳು ಮಾತಾಡಿದಳು

ಮಾರ್ಚ್ ೧೪, ಶುಕ್ರವಾರ. ಅಕ್ಕ ಬಂದಿದ್ದಾಳೆ. ನನ್ನ ಕೋಣೆಯಲ್ಲೇ ಮಲಗಿದ್ದಾಳೆ. ನನಗೆ ನಿದ್ದೆ ಹತ್ತುತ್ತಿಲ್ಲ.

ವರ್ಷಗಳ ಹಿಂದೆ ಬಂದ ಒಂದು ವಿದೇಶಿ ಶೂಟಿಂಗ್ ವಿಡಿಯೊ ಗೇಮಿನಲ್ಲಿ ನಮ್ಮಂಥ ಏಷ್ಯಾದ ಮುಖಗಳು ಇದ್ದದ್ದು ಗುಂಡು ತಿಂದು ಬೀಳುವುದಕ್ಕೆ ಮಾತ್ರ. ಅವುಗಳಿಗೆ ಧ್ವನಿ ಕೊಟ್ಟವಳು ಅಕ್ಕ. ‘ಎತ್ತರದಿಂದ ಬೀಳು’, ‘ನೀರಿಗೆ ಬೀಳು’ ಎಂದು ಸ್ಟುಡಿಯೊದವರು ಹೇಳಿದಂತೆಲ್ಲ ಚೀರಿದ್ದಳು. ಆಡಲು ಒಂದು ಮಾತೂ ಇರಲಿಲ್ಲ.

ಅದೇ ಆಟವನ್ನು ಈಗ ಹೊಸದಾಗಿ ಕಟ್ಟುತ್ತಿದ್ದಾರೆ. ಸಂಜೆ ಅದರ ಒಂದು ತುಣುಕು ತೋರಿಸಿದಳು. ದಳದ ನಾಯಕಿಗೆ ನಮ್ಮ ಚಿಕ್ಕಮ್ಮನಂಥ ಅಗಲ ಕೆನ್ನೆ, ಅಕ್ಕನ ಧ್ವನಿ. ಗುಂಡು ಹಾರುತ್ತಿರುವಾಗಲೇ ಗಾಯಗೊಂಡ ಪರದೇಶಿ ಸೈನಿಕನ ಪಕ್ಕ ಕೂತು, ಇದ್ದಕ್ಕಿದ್ದಂತೆ ನಮ್ಮ ಭಾಷೆಯಲ್ಲಿ ಅನ್ನುತ್ತಾಳೆ: "ಏ, ಕಣ್ಣು ಮುಚ್ಚಬೇಡ ಕಣೋ. ನಿಮ್ಮಮ್ಮನಿಗೆ ನಾನೇನು ಹೇಳ್ಲಿ?"

ನಾನು ಆ ತುಣುಕನ್ನು ಮತ್ತೆ ಮೊದಲಿನಿಂದ ಹಾಕಿದೆ.

"ಏನೋ ಮೂಕಬಸವ, ಚೆನ್ನಾಗಿಲ್ವಾ?"

"ಇದು ಅವರು ಬರೆದುಕೊಟ್ಟಿದ್ದಾ?"

"ಇಲ್ವೋ, ಬಾಯಿಗೆ ಬಂದುಬಿಡ್ತು. ಈಗ ಅವರ ಭಾಷೇಲಿ ಮತ್ತೆ ಹೇಳು ಅಂತಿದಾರೆ. ಆಗಲ್ಲ ಅಂದ್ರೆ ಪಾತ್ರಾನೇ ಹೋದೀತು. ಅನುವಾದದ ಪುಸ್ತಕಗಳ ಹುಳು ನೀನು, ನೀನೇ ಹೇಳು. ನಾಳೆ ಉತ್ತರ ಕೊಡ್ಬೇಕು."

ನಾಳೆ ಹೇಳ್ತೀನಿ, ಮಲಗು ಎಂದೆ. ಯಾರೋ ಅನುವಾದಿಸಿ ದಾಟಿಸಿಕೊಡದಿದ್ದರೆ ಅರ್ಧ ಜಗತ್ತು ನನಗೆ ಸಿಗುತ್ತಲೇ ಇರಲಿಲ್ಲ. ಆದರೆ ಆ ಸೈನಿಕನಿಗೆ ನಮ್ಮ ಭಾಷೆ ಬಾರದು, ಆದರೂ ಆ ಮಾತಿಗೆ ಕಣ್ಣು ತೆರೆದ. ಆ ದೃಶ್ಯವನ್ನು ನಾನು ನಂಬಿದೆ.

ಅದನ್ನು ಹಾಗೇ ಬಿಡು ಎಂದು ಬೆಳಿಗ್ಗೆ ಹೇಳುತ್ತೇನೆ. ಪಾತ್ರ ಹೋದರೂ ಸರಿ ಎಂದೂ ಹೇಳಬೇಕು. ಅದನ್ನು ಹೇಗೆ ಹೇಳುವುದು ಎಂಬುದು ಮಾತ್ರ ಇನ್ನೂ ಹೊಳೆದಿಲ್ಲ.