ಏಳನೆಯ ಬಾವುಟ

ಬಂದರು ಕಚೇರಿಯ ದೊಡ್ಡ ಸಾಹೇಬರಿಗೆ,

ಒಂದೇ ಸಮುದ್ರ ಹಂಚಿಕೊಂಡ ಏಳು ದೇಶಗಳ ಸಭೆಗೆಂದು ನೀವು ಹೊಲಿಯಲು ಹೇಳಿದ ಮೇಜಿನ ಬಾವುಟಗಳಲ್ಲಿ ಆರನ್ನು ಇಸ್ತ್ರಿ ಮಾಡಿ ಕಳುಹಿಸಿದ್ದೇನೆ. ಏಳನೆಯದೂ ಹೊಲಿದಾಗಿದೆ. ಕೊಡುವುದಿಲ್ಲ.

ಎಂಜಿನ್ ಕೆಟ್ಟ ದೋಣಿ ತೇಲಿಹೋಗಿ ಗಡಿ ದಾಟಿದ್ದಕ್ಕೆ ನಮ್ಮ ಯಜಮಾನರು ಆ ಏಳನೆಯ ಬಾವುಟದ ದೇಶದ ಜೈಲು ಸೇರಿ ಹದಿನಾಲ್ಕು ತಿಂಗಳಾಯಿತು. ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿ ಹತ್ತಿ ನನ್ನ ಚಪ್ಪಲಿ ಸವೆಯಿತು. ಪ್ರತಿ ಸಲವೂ ನೀವು ಅಂದದ್ದು ಒಂದೇ: "ಆ ದೇಶದ ಜೊತೆ ನಮಗೆ ಮಾತುಕತೇನೇ ಇಲ್ಲಮ್ಮ, ಯಾರನ್ನ ಕೇಳೋದು?"

ಈಗ ನೋಡಿದರೆ ವ್ಯಾಪಾರ, ಕಾವಲು ಎಲ್ಲವನ್ನೂ ಕೂಡಿ ಮಾತಾಡಲು ಅವರ ಕುರ್ಚಿ ನಿಮ್ಮ ಪಕ್ಕದಲ್ಲೇ ಇದೆಯಂತೆ! ಬಾವುಟದ ಬಣ್ಣ ಹೆಚ್ಚುಕಮ್ಮಿಯಾದರೆ ಅವರಿಗೆ ಬೇಜಾರಾಗುತ್ತದೆ ಎಂದು ಚೀಟಿ ಬೇರೆ ಬರೆದಿದ್ದೀರಿ. ನನ್ನ ಹೊಟ್ಟೆ ಉರಿಯುವುದಿಲ್ಲವೇ?

ಬಾವುಟಗಳ ಜೊತೆ ಒಂದು ಅಂಗಿ ಇಟ್ಟಿದ್ದೇನೆ. ಯಜಮಾನರು ಇಳಿದುಹೋಗಿರುತ್ತಾರೆ ಎಂದು ಗೊತ್ತು, ಆದರೂ ಹಳೆಯ ಅಳತೆಗೇ ಹೊಲಿದಿದ್ದೇನೆ. ಅದನ್ನು ಪಕ್ಕದ ಕುರ್ಚಿಯವರ ಕೈಗೆ ಕೊಡಿ. ತಲುಪಿತೆಂದು ನಮ್ಮವರ ಕೈಬರಹದ ಒಂದು ಸಾಲು ಬಂದ ದಿನ ಬಾವುಟ ಕೊಡುತ್ತೇನೆ. ಅಲ್ಲಿಯವರೆಗೆ ಆ ಕುರ್ಚಿಯ ಮುಂದೆ ಬರಿಯ ಕೋಲು ನಿಲ್ಲಲಿ. ನಮ್ಮ ಬಾವುಟ ಎಲ್ಲಿ ಎಂದು ಅವರು ಕೇಳಿದರೆ ಒಳ್ಳೆಯದೇ ಆಯಿತು, ನಿಮ್ಮ ಮಾತುಕತೆ ಅಲ್ಲಿಂದಲೇ ಶುರುವಾಗಲಿ.

ಇಂತಿ,
ಇನ್ನು ನಿಮ್ಮ ಮೆಟ್ಟಿಲು ಹತ್ತದ,
ಬಂದರು ಬೀದಿಯ ದರ್ಜಿ