ಒಂದು ಜೀವಂತ ಚೂರು

ಪ್ರಯೋಗಾಲಯದ ಊಟದ ಕೋಣೆ,
ಮಾರ್ಚ್ ೧೧, ಬುಧವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಗಿದೆಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಮೊದಲಿನ ಹಾಗೆ ನಿಂತಲ್ಲೇ ಬಿಸ್ಕತ್ತು ತಿಂದು ಊಟವಾಯಿತು ಅನ್ನುತ್ತೀಯೋ? ನೀನಂತೂ ಫೋನ್ ಎತ್ತುವುದಿಲ್ಲ, ಮೆಸೇಜು ನೋಡಿದರೂ ನೋಡದವನ ಹಾಗಿರುತ್ತೀಯ. ಅದಕ್ಕೇ ಈ ಕಾಗದ. ಅಂಟಿಸಿದ ಲಕೋಟೆ ಕಂಡರೆ ಒಡೆಯದೆ ಬಿಡುವವನಲ್ಲ ನೀನು. ನನ್ನ ಗೆಳತಿಯರು ನನಗೆ ಬರೆದದ್ದನ್ನೂ ಬಿಟ್ಟವನಲ್ಲ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆಯಲಾರೆ. ಅಮ್ಮ ತೀರ ಸೋತಿದ್ದಾಳೆ. ಎರಡು ದಿನದಿಂದ ಸ್ವಲ್ಪ ಗೆಲುವಾಗಿದ್ದಾಳೆ, ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಾನು ಹೇಗಿದ್ದೇನೆ ಅಂತ ಕೇಳಬೇಡ. ಇವತ್ತು ಬೆಳಿಗ್ಗೆ ಇಲಿಗಳ ಪಂಜರ ತೊಳೆಯುತ್ತಾ ಅತ್ತುಬಿಟ್ಟೆ, ಅವು ಮೂಗು ಅಲ್ಲಾಡಿಸುತ್ತಾ ನನ್ನನ್ನೇ ನೋಡುತ್ತಿದ್ದವು.

ಅಮ್ಮನ ಮೊದಲನೇ ಆಪರೇಷನ್ ಚೆನ್ನಾಗಿ ಆಯಿತು ಎಂದಷ್ಟೇ ನಿನಗೆ ತಿಳಿಸಿದ್ದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಮೀಸೆ ಡಾಕ್ಟರು, ಅದೇ ನಿನ್ನ ಹಳೇ ಗುರುಗಳು, ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಕ್ಯಾನ್ಸರಿನ ದೊಡ್ಡ ಗಡ್ಡೆಯನ್ನು ಚೀಲದೊಳಗೆ ಹಾಕಿ ಹೊಕ್ಕುಳಿನಿಂದ ಎಳೆದು ತೆಗೆದರು. ಬಾಗಿಲಾಚೆ ನಾನು ಐಸ್ ಪೆಟ್ಟಿಗೆ ಹಿಡಿದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಪೆಟ್ಟಿಗೆಯಲ್ಲಿ ನಮ್ಮ ಗುಲಾಬಿ ಬಣ್ಣದ ದ್ರಾವಣದ ಬಾಟಲಿ ಇತ್ತು, ಜೀವಕೋಶಗಳಿಗೆ ಅದೇ ಹಾಲು ಅದೇ ಅನ್ನ. ನೀನು ನನ್ನ ಕೆಲಸವನ್ನು ಇಲಿ ಸಾಕಣೆ, ನನ್ನನ್ನೂ ಇಲಿ ಎಂದು ಹಂಗಿಸುತ್ತಿದ್ದೆಯಲ್ಲ, ಕೇಳು. ಗಡ್ಡೆಯೊಳಗೆ ಅದರ ಮೇಲೆ ಜಗಳಕ್ಕೆ ಹೋದ ಬಿಳಿ ರಕ್ತಕಣಗಳೂ ಇರುತ್ತವೆ. ಅವು ಕಡಿಮೆ, ಸುಸ್ತಾಗಿರುತ್ತವೆ, ಗಡ್ಡೆ ಅವುಗಳ ಕೈಕಾಲು ಕಟ್ಟಿಹಾಕಿರುತ್ತದೆ. ಗಡ್ಡೆಯ ಒಂದು ಜೀವಂತ ಚೂರು ಸಿಕ್ಕರೆ ನಾವು ಅವನ್ನು ಹೊರಗೆ ತೆಗೆದು, ಉಣಿಸಿ, ಕೋಟಿಗಟ್ಟಲೆ ಬೆಳೆಸಿ, ಮತ್ತೆ ಅದೇ ಮೈಗೆ ಡ್ರಿಪ್‌ನಲ್ಲಿ ಬಿಡುತ್ತೇವೆ. ಎಲ್ಲರಿಗೂ ಫಲಿಸುವುದಿಲ್ಲ ಅಣ್ಣಾ, ನಿನ್ನ ಮುಂದೆ ಯಾಕೆ ಬಣ್ಣ ಕಟ್ಟಲಿ. ನಮ್ಮ ಪ್ರಯೋಗದಲ್ಲಿ ಹೆಚ್ಚಿನವರಿಗೆ ಫಲಿಸಿಲ್ಲ. ಆದರೆ ಒಬ್ಬ ಅಂಚೆಯವನಿದ್ದಾನೆ, ಹಾಸಿಗೆಯಿಂದ ಏಳಲಾರದವನು ಈಗ ಮತ್ತೆ ಸೈಕಲ್ ಹೊಡೆಯುತ್ತಾನೆ. ಅಮ್ಮನಿಗೆ ಮಿಕ್ಕ ಔಷಧಿಗಳೆಲ್ಲ ಕೈಕೊಟ್ಟಿವೆ. ಇದೊಂದೇ ಉಳಿದಿರುವುದು.

ಒಳಗಿದ್ದ ನರ್ಸಿಗೆ ಎಲ್ಲ ಹೇಳಿಕೊಟ್ಟಿದ್ದೆವು. ನಡುವೆ ಪಕ್ಕದ ಕೋಣೆಗೆ ತುರ್ತು ರೋಗಿ ಬಂದು ಅವಳನ್ನು ಅಲ್ಲಿಗೆ ಕರೆದರು, ಅವಳ ಜಾಗಕ್ಕೆ ದೊಡ್ಡ ನರ್ಸು ಬಂದರು. ಆಪರೇಷನ್ ಕೋಣೆಯಲ್ಲಿ ಮೈಯಿಂದ ತೆಗೆದದ್ದೆಲ್ಲ ಎಲ್ಲಿಗೆ ಹೋಗುತ್ತದೆ, ನಿನಗೆ ಹೇಳಬೇಕೇ? ಫಾರ್ಮಲಿನ್ ಬಾಟಲಿಗೆ. ಇಷ್ಟು ವರ್ಷ ಮಾಡಿದ್ದನ್ನೇ ಅವರ ಕೈ ಮಾಡಿತು. ಮುಚ್ಚಳ ಬಿಗಿದು, ಮುದ್ದಾದ ಅಕ್ಷರದಲ್ಲಿ ಚೀಟಿ ಅಂಟಿಸಿ, ಹೊರಗೆ ತಂದು ನನ್ನ ಕೈಗೇ ಕೊಟ್ಟು, "ತಗೊಳ್ಳಿ ಮೇಡಂ, ಒಂಚೂರೂ ತಡ ಮಾಡ್ದೆ ಹಾಕ್ಬಿಟ್ಟೆ" ಅಂದರು. ಆ ಘಾಟು ಮೂಗಿಗೆ ಬಡಿಯುತ್ತಲೇ ನನ್ನ ಜೀವ ಬಾಯಿಗೆ ಬಂತು. ಫಾರ್ಮಲಿನ್‌ಗೆ ಬಿದ್ದ ಮೇಲೆ ಗಡ್ಡೆಯ ಆಕಾರ ಇದ್ದ ಹಾಗೇ ಇರುತ್ತದೆ, ಒಳಗಿನ ಜೀವ ಒಂದೂ ಉಳಿಯುವುದಿಲ್ಲ. ಬಾಯಿಗೆ ಬಂದದ್ದೆಲ್ಲ ಬೈದುಬಿಟ್ಟೆ. ಆಮೇಲೆ ಅವರು ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು ಅಳುತ್ತಿದ್ದರು, ನಾನೂ ಹೋಗಿ ಪಕ್ಕದಲ್ಲಿ ಕೂತೆ. ಇನ್ನೇನು ಮಾಡುವುದು ಹೇಳು.

ಈಗ ಅಮ್ಮನ ಹೊಟ್ಟೆಯಲ್ಲಿ ತೆಗೆಯಬಹುದಾದ ಗಂಟು ಒಂದೇ ಉಳಿದಿದೆ. ಅದು ಎಲ್ಲಿ ಕೂತಿದೆ ಅಂದರೆ ಲಿವರಿನ ಹಿಂದೆ, ಮೇಲಕ್ಕೆ, ಬಲಗಡೆಯ ಮೂಲೆಯಲ್ಲಿ. ನಿನ್ನ ಮೂಲೆಯಲ್ಲಿ. ಮೈಯಲ್ಲಿ ಉಳಿದಿರುವ ಗಡ್ಡೆಯ ಸಣ್ಣ ಚುಕ್ಕೆಗಳು ಹೊರಗಿನಿಂದ ಸೂಜಿಗೂ ಸಿಗುವಂಥವಲ್ಲ. ಮೀಸೆ ಡಾಕ್ಟರು ಸ್ಕ್ಯಾನನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಹೊಟ್ಟೆ ಪೂರ್ತಿ ತೆರೆದರೆ ಯಾರಾದರೂ ತೆಗೆಯಬಹುದು, ಆದರೆ ಅಷ್ಟು ದೊಡ್ಡ ಗಾಯವನ್ನು ಅಮ್ಮನ ಎದೆ ತಾಳುವುದಿಲ್ಲ, ಗಾಯ ಮಾಯುವ ತನಕ ನಮ್ಮ ಕಣಗಳನ್ನು ಬಿಡುವ ಹಾಗೂ ಇಲ್ಲ ಅಂದರು. ತೂತುಗಳಿಂದ ಅಲ್ಲಿಗೆ ಹೋಗಲು ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ ಪಕ್ಕೆಲುಬಿನ ಬಳಿಯಿಂದ ಇಳಿಯಬೇಕಂತೆ. "ಆ ದಾರೀಲಿ ನಾನು ಎರಡೇ ಸಲ ಹೋಗಿದೀನಮ್ಮ, ಎರಡು ಸಲಾನೂ ವಾಪಸ್ ಬಂದೆ. ನಿಮ್ಮಣ್ಣ ಅಲ್ಲಿ ಮನೆ ಹಿತ್ತಲಲ್ಲಿ ಓಡಾಡೋ ಹಾಗೆ ಓಡಾಡ್ತಿದ್ದ" ಅಂದರು.

ನಿನ್ನ ಆಪರೇಷನ್ ಟೇಬಲ್ ಮೇಲೆ ತೀರಿಹೋದ ಆ ತೋಟಗಾರನ ವಿಷಯ ನಾನು ಎತ್ತಬಾರದು ಎಂದಿದ್ದೆ. ಆದರೆ ಎತ್ತದೆ ಈ ಕಾಗದ ಮುಂದೆ ಹೋಗುವುದಿಲ್ಲ. ರಕ್ತನಾಳ ಒಡೆದು ಕ್ಯಾಮೆರಾದ ಪರದೆಯೆಲ್ಲ ಕೆಂಪಾದಾಗ ನೀನು ಮಾಡಬೇಕಾದ್ದನ್ನೆಲ್ಲ ಮಾಡಿದೆ ಅಂತ ಅದರ ವಿಡಿಯೊವನ್ನು ಮತ್ತೆ ಮತ್ತೆ ನೋಡಿದ ತನಿಖಾ ಸಮಿತಿಯೇ ಹೇಳಿತು. ಅವನ ಹೆಂಡತಿಯೂ ನಿನ್ನ ಕೈ ಹಿಡಿದು ಅದನ್ನೇ ಹೇಳಿದಳು. ನೀನೊಬ್ಬನೇ ಒಪ್ಪಲಿಲ್ಲ. ಮನೆಗೆ ಬಂದವನು ಅಮ್ಮ ಹೊಲಿದುಕೊಟ್ಟ ಆಪರೇಷನ್ ಟೋಪಿಯನ್ನು ಅವಳ ಹೊಲಿಗೆ ಯಂತ್ರದ ಮೇಲಿಟ್ಟು, "ನನ್ನ ಕೈ ನಡುಗ್ತಿದೆ" ಅಂತ ಹೊರಟುಹೋದೆ. ಈಗ ಬಂದರಿನ ಬಳಿಯ ಆ ತರಬೇತಿ ಶಾಲೆಯಲ್ಲಿ ಆಪರೇಷನ್ ಕಲಿಯುವ ಮಕ್ಕಳಿಗೆ ಪ್ಲಾಸ್ಟಿಕ್ ಡಬ್ಬಿಯೊಳಗೆ ರಬ್ಬರು ಹೊಲಿಯುವುದನ್ನು ಕಲಿಸುತ್ತೀಯಂತೆ. ರಬ್ಬರು ಸಾಯುವುದಿಲ್ಲ, ಅದಕ್ಕೇ ತಾನೇ? ಸಿಟ್ಟಾಗಬೇಡ. ಸಿಟ್ಟಾದರೂ ಆಗು, ಓದುವುದು ಮಾತ್ರ ನಿಲ್ಲಿಸಬೇಡ.

ನಿನಗೆ ಗಂಟು ಹಾಕಲು ಕಲಿಸಿದವರು ಯಾರು? ನೀನು ಕಾಲೇಜಿಗೆ ಸೇರಿದ ವರ್ಷ ಚಪ್ಪಲಿ ಡಬ್ಬಿಗೆ ತೂತು ಕೊರೆದು, ಎರಡು ಉದ್ದನೆ ಇಕ್ಕಳ ತೂರಿಸಿ, ಒಳಗೆ ಅಂಗಿಯ ಗುಂಡಿ ಹೊಲಿಯಲು ಒದ್ದಾಡುತ್ತಿದ್ದೆ. ಅಮ್ಮ ಗಿರಾಕಿಯ ಲಂಗ ಬದಿಗಿಟ್ಟು ಪಕ್ಕದಲ್ಲಿ ಕೂತು ದಾರ ಸುತ್ತುವುದನ್ನು ತೋರಿಸಿದಳು. "ಕೈ ನಡುಗಿದ್ರೆ ಸೂಜಿ ಕೆಳಗಿಡು, ನೀರು ಕುಡಿ, ಮತ್ತೆ ತಗೋ" ಅನ್ನುತ್ತಿದ್ದಳು. ಅವಳು ಹೇಳಿದ್ದು ಮೂರು ಮಾತು. ನೀನು ಸೂಜಿ ಕೆಳಗಿಟ್ಟೆ, ಅಲ್ಲಿಗೇ ನಿಲ್ಲಿಸಿಬಿಟ್ಟೆ.

ಮಗನೇ ತಾಯಿಯ ಹೊಟ್ಟೆಗೆ ಕೈ ಹಾಕಬಾರದು ಎಂಬ ನಿಯಮ ನನಗೂ ಗೊತ್ತು. ಅದೇ ನಿಯಮದಿಂದ ಅಮ್ಮನ ಕಣ ಬೆಳೆಸುವ ಬಾಟಲಿಗಳನ್ನು ನಾನು ಮುಟ್ಟುವಂತಿಲ್ಲ, ಚೂರನ್ನು ಪ್ರಯೋಗಾಲಯದ ಬಾಗಿಲ ತನಕ ಹೊತ್ತು ತರಬಹುದು ಅಷ್ಟೇ. ಬೇರೆ ಇಬ್ಬರನ್ನು ಕೇಳಿದೆವು. ಒಬ್ಬರು ಆಗುವುದಿಲ್ಲ ಅಂದರು, ಇನ್ನೊಬ್ಬರು ಮಳೆಗಾಲ ಕಳೆಯಲಿ ಅಂದರು. ಅಮ್ಮನಿಗೆ ಅಷ್ಟು ದಿನ ಇಲ್ಲ. ಮೀಸೆ ಡಾಕ್ಟರು ಆಸ್ಪತ್ರೆಯ ಹಿರಿಯರ ಮುಂದೆ ನಿಂತು ವಾದ ಮಾಡಿ ಒಪ್ಪಿಸಿದ್ದಾರೆ: ಆಪರೇಷನ್ ಅವರ ಹೆಸರಿನಲ್ಲಿ, ಜವಾಬ್ದಾರಿ ಅವರದು, ಆ ಮೂಲೆಗೆ ಹೋಗಿ ಗಂಟು ಬಿಡಿಸುವುದು ಮಾತ್ರ ನಿನ್ನದು. "ಬರಕ್ ಹೇಳಿ ಅವನಿಗೆ, ಕ್ಯಾಮೆರಾ ನಾನೇ ಹಿಡೀತೀನಿ" ಅಂದರು. ಗುರು ಶಿಷ್ಯನಿಗೆ ಕ್ಯಾಮೆರಾ ಹಿಡಿಯುತ್ತೇನೆ ಅನ್ನುವುದನ್ನು ನೀನು ಎಲ್ಲಾದರೂ ಕೇಳಿದ್ದೀಯಾ? ಬರುವ ಬುಧವಾರ ಬೆಳಿಗ್ಗೆ ಕೋಣೆ ಗೊತ್ತುಮಾಡಿದ್ದಾರೆ. ಅದು ತಪ್ಪಿದರೆ ಅರಿವಳಿಕೆ ಕೊಡುವಷ್ಟು ಶಕ್ತಿಯೂ ಅಮ್ಮನಲ್ಲಿ ಉಳಿಯುವುದಿಲ್ಲ.

ಕಳೆದ ವಾರ ಇದನ್ನೆಲ್ಲ ಅಮ್ಮನಿಗೆ ಹೇಳಿದಾಗ ಗೋಡೆಯ ಕಡೆ ತಿರುಗಿ ಮಲಗಿದಳು. "ಸಾಕು ಬಿಡೇ. ಅವನು ಬರ್ದೆ ಇನ್ನೊಂದ್ಸಲ ಆ ಟೇಬಲ್ ಮೇಲೆ ನಾನು ಮಲಗಲ್ಲ" ಅಂದಳು. ಸಹಿ ಹಾಕಲಿಲ್ಲ. ಊಟ ಬಿಟ್ಟಳು. ಚಮಚ ಬಾಯಿಯ ಹತ್ತಿರ ಹಿಡಿದರೆ ಚಿಕ್ಕ ಮಗುವಿನ ಹಾಗೆ ತುಟಿ ಬಿಗಿಹಿಡಿಯುತ್ತಿದ್ದಳು. ನನಗೆ ಕೋಪ ಬಂತು, ಅವಳ ಮೇಲೆ, ನಿನ್ನ ಮೇಲೆ, ದೊಡ್ಡ ನರ್ಸಿನ ಮೇಲೆ, ಪಂಜರದಲ್ಲಿ ಹೊಟ್ಟೆ ತುಂಬ ತಿಂದು ಕೊಬ್ಬುತ್ತಿರುವ ನನ್ನ ಇಲಿಗಳ ಮೇಲೂ. ಅವುಗಳ ಗಡ್ಡೆ ಎಷ್ಟು ಸಲ ಕರಗಿಸಿದ್ದೇನೆ ಅಣ್ಣಾ! ಹೆತ್ತವಳಿಗೆ ಮಾಡಲು ಆಗುತ್ತಿಲ್ಲ. ನನಗೆ ಹೆದರಿಕೆಯಾಗುತ್ತಿದೆ, ಬಹಳ ಹೆದರಿಕೆಯಾಗುತ್ತಿದೆ. ನೀನು ಬಂದರೂ ಅವಳು ಉಳಿಯದೇ ಹೋಗಬಹುದು. ನಿನ್ನ ಕೈಯಲ್ಲೇ ನಾಳ ಒಡೆದು ರಕ್ತ ಹರಿಯಲೂಬಹುದು. ಅದೂ ನನಗೆ ಗೊತ್ತು, ಗೊತ್ತಿದ್ದೇ ಕರೆಯುತ್ತಿದ್ದೇನೆ. ಕಡಲೆಕಾಳಿನಷ್ಟು ಜೀವಂತ ಚೂರು ತೆಗೆದುಕೊಡು. ಬಾಗಿಲಲ್ಲಿ ನಾನಿರುತ್ತೇನೆ, ಈ ಸಲ ಆ ಕೋಣೆಯಲ್ಲಿ ಫಾರ್ಮಲಿನ್ ಬಾಟಲಿಯೇ ಇರುವುದಿಲ್ಲ. ದೊಡ್ಡ ನರ್ಸು ತಾವೇ ಎಲ್ಲವನ್ನೂ ಹೊರಗಿಡಿಸುತ್ತೇನೆ ಎಂದಿದ್ದಾರೆ.

ಊಟದ ಹೊತ್ತು ಮುಗಿಯಿತು, ನನ್ನ ತಟ್ಟೆ ಹಾಗೇ ಇದೆ. ಶಾಲೆಯಲ್ಲಿ ನಿನ್ನನ್ನು ಕಣ್ಣಲ್ಲಿಟ್ಟು ನೋಡಿಕೊಳ್ಳುವ ಆ ಅಡುಗೆಯ ಅಜ್ಜನಿಗೆ ನನ್ನ ನಮಸ್ಕಾರ ತಿಳಿಸು. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ನಿನ್ನನ್ನು ಬೈದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೋ.

ನಿನ್ನ ತಂಗಿ,
ಇಲಿ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನೀನು ಫೋನ್ ಮಾಡಿದ್ದೆ, ಬರುತ್ತೇನೆ ಎಂದು ಒಪ್ಪಿದೆ ಅಂತ ಮೊನ್ನೆ ಅಮ್ಮನಿಗೆ ಹೇಳಿಬಿಟ್ಟೆ. ಎದ್ದು ಕೂತಳು. ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿಂದಳು, ಸಹಿ ಹಾಕಿದಳು, ಹೊಲಿಗೆ ಯಂತ್ರವನ್ನು ಮಂಚದ ಹತ್ತಿರ ಎಳೆಸಿಕೊಂಡಳು. "ಹಳೇ ಟೋಪಿ ಬೇಡ, ಅದನ್ನ ನೋಡಿದ್ರೆ ಅವನಿಗೆ ಕೆಟ್ಟದ್ದೇ ನೆನಪಾಗುತ್ತೆ. ತಲೆ ಅಳತೆ ಅದೇ ಇದ್ಯಂತಾ?" ಎಂದು ಕೇಳಿದಳು. ಅದೇ ಇದೆ ಅಂದೆ. ನಿನ್ನೆ ಸಂಜೆ ಹೊಲಿದು ಮುಗಿಸಿದಳು. ಹಾಲಿನ ಪಾತ್ರೆ ಬೋರಲು ಹಾಕಿ ಅದಕ್ಕೆ ತೊಡಿಸಿ ಕಿಟಕಿಯಲ್ಲಿಟ್ಟಿದ್ದಾಳೆ, ಗೇಟು ಸದ್ದಾದಾಗಲೆಲ್ಲ ಕತ್ತೆತ್ತಿ ನೋಡುತ್ತಾಳೆ. ಬರುವುದಿಲ್ಲ ಎಂದಾದರೆ ಅವಳಿಗೆ ನೀನೇ ಹೇಳಬೇಕು ಅಣ್ಣಾ, ನನ್ನಿಂದ ಆಗುವುದಿಲ್ಲ.